ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಪ್ರಭುತ್ವದ ಬಿಂಬ: ದಿನಾರಿಯಸ್‌ನ ಮುಖ ಮತ್ತು ಲೋಹ

ನಾಣ್ಯವು ಏಕಕಾಲಕ್ಕೆ ಎರಡು ಮಾತುಗಳನ್ನು ಆಡುತ್ತದೆ. ಅದರ ತೂಕ ಮತ್ತು ಲೋಹದ ಶುದ್ಧತೆ ಒಂದು ಮಾತನ್ನು ಹೇಳಿದರೆ, ಅದರ ಮೇಲೆ ಒತ್ತಿದ ಬಿಂಬ ಹಾಗೂ ಅಕ್ಷರಗಳು ಇನ್ನೊಂದನ್ನು ಹೇಳುತ್ತವೆ. ಮೊದಲನೆಯದು ಚಿನಿವಾರನ ತಕ್ಕಡಿ ಮತ್ತು ಒರೆಗಲ್ಲಿಗೆ ಸಂಬಂಧಿಸಿದುದು. ಎರಡನೆಯದು ಪ್ರಭುತ್ವಕ್ಕೆ ಸಂಬಂಧಿಸಿದುದು. ಕನ್ನಡನಾಡಿನ ಚಿನ್ನದ ನಾಣ್ಯಕ್ಕೆ ‘ವರಾಹ’ ಎಂಬ ಹೆಸರು ಬಂದದ್ದು ಚಾಲುಕ್ಯರ ವರಾಹ ಲಾಂಛನದಿಂದ. ಅಂದರೆ ಇಲ್ಲಿ ಬಿಂಬವೇ ನಾಣ್ಯದ ಹೆಸರಾಗಿದೆ. ರೋಮನ್ನರ ಪ್ರಧಾನ ಬೆಳ್ಳಿ ನಾಣ್ಯವಾದ ದಿನಾರಿಯಸ್‌ಗೆ ಹೆಸರು ಬಂದದ್ದು ಬೆಲೆಯಿಂದ. ಹತ್ತು ‘ಆಸ್’ ಎಂಬ ಕಂಚಿನ ನಾಣ್ಯಗಳಿಗೆ ಸಮನಾದುದು ಎಂಬುದೇ ಆ ಪದದ ಮೂಲಾರ್ಥ. ಹೀಗೆ ಕೇವಲ ಬೆಲೆಯನ್ನು ಸೂಚಿಸುವ ಹೆಸರಿನಿಂದ ಹುಟ್ಟಿದ ನಾಣ್ಯವೊಂದು ಕಾಲಕ್ರಮದಲ್ಲಿ ಚಕ್ರವರ್ತಿಯ ಮುಖವನ್ನು ಸಾಮ್ರಾಜ್ಯದ ಮೂಲೆಮೂಲೆಗೆ ಹೊತ್ತೊಯ್ಯುವ ಸಾಧನವಾಯಿತು. ಈ ಮುಖಕ್ಕೂ ಅದನ್ನು ಹೊತ್ತ ಬೆಳ್ಳಿಗೂ ಇದ್ದ ಸಂಬಂಧವೇನು, ಬಿಂಬದ ಅಧಿಕಾರ ಎಲ್ಲಿಯವರೆಗೆ ನಡೆಯಿತು, ಎಲ್ಲಿ ನಡೆಯಲಿಲ್ಲ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ದಿನಾರಿಯಸ್‌ನ ಹುಟ್ಟು ಮತ್ತು ಗಣರಾಜ್ಯದ ಬಿಂಬಗಳು

ಕಾರ್ತೇಜಿನೊಡನೆ ನಡೆದ ಎರಡನೆಯ ಪ್ಯೂನಿಕ್ ಯುದ್ಧದ ನಡುವೆ, ಸುಮಾರು ಕ್ರಿ.ಪೂ. 211ರಲ್ಲಿ, ರೋಮ್ ತನ್ನ ನಾಣ್ಯಪದ್ಧತಿಯನ್ನು ಹೊಸದಾಗಿ ಕಟ್ಟಿಕೊಂಡಿತು. ದಿನಾರಿಯಸ್ ಆ ಸಂದರ್ಭದ ಸೃಷ್ಟಿ. ಪ್ರಾರಂಭದಲ್ಲಿ ಅದರ ತೂಕ ರೋಮನ್ ಪೌಂಡಿನ 72ನೆಯ ಒಂದು ಭಾಗ, ಅಂದರೆ ಸುಮಾರು 4.5 ಗ್ರಾಂ. ಕೆಲವೇ ದಶಕಗಳಲ್ಲಿ ಅದು 84ನೆಯ ಒಂದು ಭಾಗಕ್ಕೆ, ಅಂದರೆ ಸುಮಾರು 3.9 ಗ್ರಾಂಗೆ ಇಳಿದು ಅಲ್ಲಿಯೇ ದೀರ್ಘಕಾಲ ನಿಂತಿತು. ಕ್ಯಾಪಿಟೊಲೈನ್ ಬೆಟ್ಟದ ಮೇಲಿದ್ದ ಜೂನೊ ಮೊನೆಟಾ ದೇವಿಯ ಗುಡಿಯ ಬಳಿ ಟಂಕಸಾಲೆಯಿತ್ತು. ದೇವಿಯ ಈ ‘ಮೊನೆಟಾ’ ಎಂಬ ವಿಶೇಷಣವೇ ಯುರೋಪಿನ ಹಲವು ಭಾಷೆಗಳಲ್ಲಿ ದುಡ್ಡಿಗೆ ಹೆಸರಾಯಿತು. ‘ಪಣ’ವೆಂಬ ನಾಣ್ಯದ ಹೆಸರು ಕನ್ನಡದಲ್ಲಿ ‘ಹಣ’ವಾಗಿ ಸಂಪತ್ತಿಗೆಲ್ಲ ಸಾಮಾನ್ಯ ಪದವಾದುದನ್ನು ಇಲ್ಲಿ ನೆನೆಯಬಹುದು.

ಮೊದಲ ದಿನಾರಿಯಸ್‌ಗಳ ಮುಮ್ಮುಖದಲ್ಲಿ ಯಾವ ವ್ಯಕ್ತಿಯ ಚಿತ್ರವೂ ಇಲ್ಲ. ಶಿರಸ್ತ್ರಾಣ ಧರಿಸಿದ ರೋಮಾ ದೇವಿಯ ತಲೆ, ಅದರ ಹಿಂದೆ ಹತ್ತನ್ನು ಸೂಚಿಸುವ ರೋಮನ್ ಅಂಕಿ. ಹಿಮ್ಮುಖದಲ್ಲಿ ಕುದುರೆಯೇರಿ ಧಾವಿಸುವ ಅವಳಿ ದೇವತೆಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್. ಕೆಳಗೆ ‘ರೋಮಾ’ ಎಂಬ ಅಕ್ಷರಗಳು. ನಾಣ್ಯದ ಒಡೆತನ ನಗರದ್ದು, ಜನರದ್ದು. ಒಬ್ಬ ವ್ಯಕ್ತಿಯದಲ್ಲ ಎಂಬುದು ಈ ವಿನ್ಯಾಸದ ತಾತ್ಪರ್ಯ. ಗ್ರೀಕ್ ಜಗತ್ತಿನಲ್ಲಿ ಅಲೆಗ್ಸಾಂಡರನ ಉತ್ತರಾಧಿಕಾರಿಗಳಾದ ಅರಸರು ಆ ವೇಳೆಗಾಗಲೇ ತಮ್ಮ ಮುಖಗಳನ್ನು ನಾಣ್ಯಗಳ ಮೇಲೆ ಒತ್ತುತ್ತಿದ್ದರು. ಅರಸೊತ್ತಿಗೆಯನ್ನು ಕಿತ್ತೊಗೆದು ಗಣರಾಜ್ಯ ಕಟ್ಟಿದೆವೆಂಬ ಹೆಮ್ಮೆಯ ರೋಮನ್ನರಿಗೆ ಬದುಕಿರುವ ಮನುಷ್ಯನ ಮುಖವನ್ನು ನಾಣ್ಯಕ್ಕೆ ತರುವುದು ಅರಸುತನದ ಗುರುತಾಗಿ ಕಾಣುತ್ತಿತ್ತು.

ಆದರೆ ಈ ನಿಷೇಧದೊಳಗೇ ಒಂದು ಸಡಿಲಿಕೆ ಬೆಳೆಯಿತು. ನಾಣ್ಯಗಳ ಹೊಣೆ ಹೊತ್ತಿದ್ದವರು ರಾಜಕೀಯ ಜೀವನದ ಮೊದಲ ಮೆಟ್ಟಿಲಲ್ಲಿದ್ದ ಶ್ರೀಮಂತ ಮನೆತನಗಳ ತರುಣರು. ಕ್ರಿ.ಪೂ. ಎರಡನೆಯ ಶತಮಾನದ ಉತ್ತರಾರ್ಧದಿಂದ ಅವರು ತಮ್ಮ ಹೆಸರುಗಳನ್ನೂ ತಮ್ಮ ಮನೆತನದ ಹಿರಿಮೆ ಸಾರುವ ದೃಶ್ಯಗಳನ್ನೂ ನಾಣ್ಯದ ಮೇಲೆ ತರತೊಡಗಿದರು. ಪೂರ್ವಜನೊಬ್ಬ ಗೆದ್ದ ಯುದ್ಧ, ಕಟ್ಟಿಸಿದ ಗುಡಿ, ವಂಶಮೂಲದ ದೇವತೆ ಇವೆಲ್ಲ ಅಂಗೈಯಗಲಕ್ಕಿಂತ ಕಿರಿದಾದ ಬೆಳ್ಳಿಯ ಬಿಲ್ಲೆಯ ಮೇಲೆ ಕಾಣಿಸಿಕೊಂಡವು. ಮುಂದೆ ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಮಾರ್ಕಸ್ ಬ್ರೂಟಸ್ ಸುಮಾರು ಕ್ರಿ.ಪೂ. 54ರಲ್ಲಿ ಈ ಹೊಣೆಯಲ್ಲಿದ್ದಾಗ ಹೊರಡಿಸಿದ ನಾಣ್ಯಗಳು ಇದಕ್ಕೆ ಉತ್ತಮ ನಿದರ್ಶನ. ಅವನ ಒಂದು ನಾಣ್ಯದಲ್ಲಿ ಸ್ವಾತಂತ್ರ್ಯದೇವತೆಯ ತಲೆಯಿದ್ದರೆ, ಇನ್ನೊಂದರಲ್ಲಿ ಅರಸರನ್ನು ಓಡಿಸಿದವನೆಂದು ಪ್ರಸಿದ್ಧನಾದ ಲೂಸಿಯಸ್ ಬ್ರೂಟಸನ ತಲೆಯಿದೆ. ಸತ್ತವರ ಮುಖದ ಮೂಲಕ ಬದುಕಿರುವವರು ಮಾತನಾಡುವ ಈ ಬಗೆಯು ಮುಂದಿನ ದೊಡ್ಡ ಪಲ್ಲಟಕ್ಕೆ ದಾರಿ ಮಾಡಿತು.

ಜೀವಂತ ಮುಖದ ಪ್ರವೇಶ

ಕ್ರಿ.ಪೂ. 44ರ ಮೊದಲ ತಿಂಗಳುಗಳಲ್ಲಿ ರೋಮ್‌ನ ಟಂಕಸಾಲೆಯಿಂದ ಜೂಲಿಯಸ್ ಸೀಸರನ ತಲೆಯುಳ್ಳ ದಿನಾರಿಯಸ್‌ಗಳು ಹೊರಬಂದವು. ತನ್ನ ಮುಖವನ್ನು ನಾಣ್ಯದಲ್ಲಿ ತರುವ ಗೌರವವನ್ನು ಸೆನೆಟ್ ಅವನಿಗೆ ಕೊಟ್ಟಿದ್ದಿತು. ಮಾಲೆ ಧರಿಸಿದ, ಕತ್ತಿನ ನೆರಿಗೆಗಳೂ ಬತ್ತಿದ ಕೆನ್ನೆಯೂ ಎದ್ದು ಕಾಣುವ ವಯಸ್ಕನ ಮುಖವದು. ಸುತ್ತಲೂ ಅವನು ‘ಶಾಶ್ವತ ಸರ್ವಾಧಿಕಾರಿ’ ಎಂದು ಸಾರುವ ಲೇಖ. ಹಿಮ್ಮುಖದಲ್ಲಿ ಅವನ ವಂಶದ ಮೂಲದೇವತೆಯೆಂದು ಹೇಳಿಕೊಳ್ಳಲಾದ ವೀನಸ್. ಮಾರ್ಚ್ 15ರಂದು ಅವನ ಕೊಲೆಯಾಯಿತು. ಆ ಕೊಲೆಗೆ ನಾಣ್ಯವೇ ಕಾರಣವೆನ್ನಲಾಗದು. ಆದರೆ ಕೊಲೆಗಾರರು ಯಾವ ಅಧಿಕಾರವನ್ನು ಕಂಡು ಬೆದರಿದರೋ ಅದರ ಅತ್ಯಂತ ಸ್ಪಷ್ಟ ರೂಪ ಆ ನಾಣ್ಯದಲ್ಲಿದೆ.

ಇದಕ್ಕಿಂತ ಕುತೂಹಲಕರವಾದುದು ಬ್ರೂಟಸನ ಪ್ರತ್ಯುತ್ತರ. ಕ್ರಿ.ಪೂ. 42ರ ಸುಮಾರಿಗೆ ತನ್ನ ಸೈನ್ಯದೊಡನೆ ಪೂರ್ವದಲ್ಲಿದ್ದಾಗ ಅವನು ಹೊರಡಿಸಿದ ದಿನಾರಿಯಸ್‌ನ ಹಿಮ್ಮುಖದಲ್ಲಿ ಎರಡು ಕಠಾರಿಗಳೂ ಅವುಗಳ ನಡುವೆ ಬಿಡುಗಡೆ ಹೊಂದಿದ ಗುಲಾಮನು ತೊಡುವ ಟೊಪ್ಪಿಗೆಯೂ ಇವೆ. ಕೆಳಗಿನ ಲೇಖ ಮಾರ್ಚ್ ತಿಂಗಳ ‘ಈಡ್ಸ್’ ದಿನವನ್ನು, ಅಂದರೆ ಕೊಲೆಯ ದಿನವನ್ನು ಹೆಸರಿಸುತ್ತದೆ. ಮೂರನೆಯ ಶತಮಾನದ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಈ ನಾಣ್ಯವನ್ನು ತನ್ನ ಗ್ರಂಥದಲ್ಲಿ ವಿಶೇಷವಾಗಿ ಉಲ್ಲೇಖಿಸಿದ್ದಾನೆ. ಗಣರಾಜ್ಯವನ್ನು ಉಳಿಸಲೆಂದೇ ಕೊಂದೆವೆಂದು ಸಾರುವ ಈ ನಾಣ್ಯದ ಇನ್ನೊಂದು ಮಗ್ಗುಲಲ್ಲಿ ಇರುವುದು ಬ್ರೂಟಸನದೇ ಮುಖ. ಯಾವ ರೂಢಿಯನ್ನು ಮುರಿದುದಕ್ಕಾಗಿ ಸೀಸರನು ಅರಸನೆನಿಸಿದನೋ ಅದೇ ರೂಢಿಯನ್ನು ಅವನ ಕೊಲೆಗಾರನೂ ಎರಡು ವರ್ಷಗಳೊಳಗೆ ಮುರಿದಿದ್ದನು. ಸೈನಿಕರಿಗೆ ಸಂಬಳ ಕೊಡುವವನು ಯಾರೆಂಬುದು ಮುಖದಿಂದಲೇ ತಿಳಿಯಬೇಕಾದ ಕಾಲ ಬಂದಿತ್ತು. ಜೀವಂತ ಮುಖವು ಒಮ್ಮೆ ನಾಣ್ಯಕ್ಕೆ ಬಂದ ಮೇಲೆ ಅದನ್ನು ಮರಳಿ ಕಳಿಸುವುದು ಯಾರಿಂದಲೂ ಆಗಲಿಲ್ಲ.

ಅಗಸ್ಟಸ್: ಅರಸನಲ್ಲದ ಅರಸನ ಬಿಂಬ

ಸೀಸರನು ದೇವರೆಂದು ಘೋಷಿತನಾದ ಮೇಲೆ ಅವನ ದತ್ತುಪುತ್ರ ಆಕ್ಟೇವಿಯನ್ ತನ್ನನ್ನು ‘ದಿವಿ ಫಿಲಿಯಸ್’, ಅಂದರೆ ದೇವಪುತ್ರನೆಂದು ಕರೆದುಕೊಂಡನು. ಕ್ರಿ.ಪೂ. 31ರ ಆಕ್ಟಿಯಂ ಕದನದಲ್ಲಿ ಆಂಟನಿಯನ್ನು ಸೋಲಿಸಿ, ಕ್ರಿ.ಪೂ. 27ರಲ್ಲಿ ‘ಅಗಸ್ಟಸ್’ ಎಂಬ ಬಿರುದು ಪಡೆದು, ಅವನು ರೋಮ್‌ನ ಏಕೈಕ ಒಡೆಯನಾದನು. ಆದರೆ ಅರಸನೆಂದು ಕರೆಸಿಕೊಳ್ಳಲಿಲ್ಲ. ಅವನ ಬೆಳ್ಳಿ ನಾಣ್ಯಗಳಲ್ಲಿ ಕಿರೀಟವಿಲ್ಲ, ಸಿಂಹಾಸನವಿಲ್ಲ. ಇರುವುದು ನಾಗರಿಕರ ಪ್ರಾಣ ಉಳಿಸಿದವನಿಗೆ ಸಲ್ಲುವ ಓಕ್ ಎಲೆಯ ಮಾಲೆ, ಸೆನೆಟ್ ಅರ್ಪಿಸಿದ ಗುರಾಣಿ, ಅವನ ಜನ್ಮಚಿಹ್ನೆಯಾದ ಮಕರ, ಸೀಸರನ ಆತ್ಮವೆಂದು ನಂಬಲಾದ ಧೂಮಕೇತು. ಎಲ್ಲವೂ ಇತರರು ಕೊಟ್ಟದ್ದು ಅಥವಾ ದೈವ ತೋರಿದ್ದು. ತಾನಾಗಿ ಕಸಿದುಕೊಂಡದ್ದು ಯಾವುದೂ ಅಲ್ಲ. ಅಧಿಕಾರವನ್ನು ಗೌರವದ ರೂಪದಲ್ಲಿ ತೋರಿಸುವ ಈ ಜಾಣ್ಮೆ ಮುಂದಿನ ಮೂರು ಶತಮಾನಗಳ ನಾಣ್ಯಗಳಿಗೆ ವ್ಯಾಕರಣವಾಯಿತು.

ಬಿಂಬವು ಘಟನೆಯನ್ನು ಹೇಗೆ ತಿದ್ದಿ ಬರೆಯಬಲ್ಲದು ಎಂಬುದಕ್ಕೂ ಅಗಸ್ಟಸನ ನಾಣ್ಯಗಳಲ್ಲಿ ಸಾಕ್ಷ್ಯವಿದೆ. ಕ್ರಿ.ಪೂ. 53ರಲ್ಲಿ ಕ್ಯಾರೆಯ ಯುದ್ಧದಲ್ಲಿ ಕ್ರಾಸಸನು ಪಾರ್ಥಿಯನ್ನರಿಗೆ ಸೋತು ರೋಮನ್ ಸೈನ್ಯದ ಧ್ವಜಗಳನ್ನು ಕಳೆದುಕೊಂಡಿದ್ದನು. ಕ್ರಿ.ಪೂ. 20ರಲ್ಲಿ ಅಗಸ್ಟಸನು ಅವನ್ನು ಮರಳಿ ಪಡೆದನು, ಯುದ್ಧದಿಂದಲ್ಲ, ಸಂಧಾನದಿಂದ. ಆದರೆ ಮರುವರ್ಷದ ದಿನಾರಿಯಸ್‌ಗಳಲ್ಲಿ ಪಾರ್ಥಿಯನ್ನನೊಬ್ಬನು ಮಂಡಿಯೂರಿ ಧ್ವಜವನ್ನು ಒಪ್ಪಿಸುತ್ತಿದ್ದಾನೆ. ‘ಧ್ವಜಗಳನ್ನು ಮರಳಿ ಪಡೆಯಲಾಗಿದೆ’ ಎಂಬರ್ಥದ ಲೇಖ ನಿಜವನ್ನೇ ಹೇಳುತ್ತದೆ. ಮಂಡಿಯೂರಿದ ಆಕೃತಿ ಮಾತ್ರ ನಡೆಯದ ಗೆಲುವನ್ನು ನಡೆದಂತೆ ತೋರಿಸುತ್ತದೆ.

ಅವನ ಮುಖದ ಚಿತ್ರಣವೂ ಇಂತಹುದೇ. ಸೀಸರನ ನಾಣ್ಯದಲ್ಲಿ ವಯಸ್ಸು ಅಡಗಲಿಲ್ಲ. ಅಗಸ್ಟಸನು ಕ್ರಿ.ಶ. 14ರಲ್ಲಿ ಎಪ್ಪತ್ತೈದು ದಾಟಿ ತೀರಿಕೊಂಡರೂ ನಾಣ್ಯಗಳಲ್ಲಿ ಕೊನೆಯವರೆಗೂ ನಯವಾದ ಕೆನ್ನೆಯ ತರುಣನಾಗಿಯೇ ಉಳಿದನು. ಇದು ವ್ಯಕ್ತಿಯ ಚಿತ್ರವಲ್ಲ, ಪದವಿಯ ಚಿತ್ರ. ಈ ನಾಣ್ಯಗಳನ್ನು ಕೈಯಲ್ಲಿ ಹಿಡಿದವರಲ್ಲಿ ಸೈನಿಕರೇ ಬಹುಮುಖ್ಯರು. ಅಗಸ್ಟಸನ ಕಾಲದಲ್ಲಿ ಕಾಲಾಳು ಸೈನಿಕನ ವಾರ್ಷಿಕ ವೇತನ 225 ದಿನಾರಿಯಸ್. ರೈನ್ ನದಿಯ ದಂಡೆಯ ಪಾಳೆಯದಲ್ಲಿದ್ದ ಸೈನಿಕನು ಚಕ್ರವರ್ತಿಯನ್ನು ಕಣ್ಣಾರೆ ಕಾಣುವ ಸಂಭವ ಕಡಿಮೆ. ಅವನಿಗೆ ಪ್ರತಿ ಕಂತಿನ ಸಂಬಳದಲ್ಲೂ ಕಾಣುತ್ತಿದ್ದುದು ಈ ಮುಖ. ಆ ಮುಖಕ್ಕೆ ಎಂತಹ ಪಾವಿತ್ರ್ಯ ಬಂದಿತೆಂದರೆ, ಟೈಬೀರಿಯಸನ ಆಳ್ವಿಕೆಯಲ್ಲಿ ಅಗಸ್ಟಸನ ಬಿಂಬವುಳ್ಳ ನಾಣ್ಯವನ್ನಾಗಲಿ ಉಂಗುರವನ್ನಾಗಲಿ ಶೌಚಗೃಹಕ್ಕೋ ವೇಶ್ಯಾಗೃಹಕ್ಕೋ ಕೊಂಡೊಯ್ಯುವುದು ಮರಣದಂಡನೆಗೆ ತಕ್ಕ ಅಪರಾಧವೆನಿಸಿತ್ತೆಂದು ಜೀವನಚರಿತ್ರೆಕಾರ ಸ್ವಿಟೋನಿಯಸ್ ಬರೆದಿದ್ದಾನೆ.

ಮನೆ, ಗೆಲುವು ಮತ್ತು ಸದ್ಗುಣಗಳು

ಒಂದು ಬಗೆಯಲ್ಲಿ ದಿನಾರಿಯಸ್ ಅರಮನೆಯ ಒಳಗಿನ ಸಮತೋಲವನ್ನು ತೋರುವ ಮುಳ್ಳು. ಕ್ರಿ.ಶ. 54ರಲ್ಲಿ ಹದಿನಾರರ ನೀರೊ ಪಟ್ಟಕ್ಕೆ ಬಂದಾಗ ಹೊರಟ ನಾಣ್ಯಗಳಲ್ಲಿ ಅವನ ಮತ್ತು ಅವನ ತಾಯಿ ಅಗ್ರಿಪ್ಪಿನಾಳ ಮುಖಗಳು ಎದುರುಬದುರಾಗಿವೆ; ಅದೇ ಮುಮ್ಮುಖದ ಸುತ್ತಲೂ ಇರುವುದು ತಾಯಿಯ ಬಿರುದುಗಳು, ಮಗನದು ಹಿಮ್ಮುಖದಲ್ಲಿ. ಮರುವರ್ಷ ಇಬ್ಬರ ಮುಖಗಳೂ ಒಂದೇ ದಿಕ್ಕಿಗೆ ತಿರುಗಿ, ಮಗನ ಮುಖ ಮುಂದಕ್ಕೆ ಬಂದು ತಾಯಿಯದು ಅದರ ಹಿಂದೆ ಸರಿಯಿತು. ಮುಮ್ಮುಖದ ಲೇಖವೂ ಅವನದಾಯಿತು. ಆಮೇಲೆ ತಾಯಿಯ ಮುಖವೇ ರೋಮ್‌ನ ನಾಣ್ಯದಿಂದ ಮರೆಯಾಯಿತು. ಕ್ರಿ.ಶ. 59ರಲ್ಲಿ ಅವಳನ್ನು ಮಗನೇ ಕೊಲ್ಲಿಸಿದನು. ಇತಿಹಾಸಕಾರರು ಪುಟಗಟ್ಟಲೆ ಬರೆದ ಸಂಗತಿಯ ಮುನ್ಸೂಚನೆ ಬೆಳ್ಳಿಯ ಎರಡು ಬಿಲ್ಲೆಗಳಲ್ಲಿದೆ.

ಹಿಮ್ಮುಖಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗೆಲುವು ಮತ್ತು ಸದ್ಗುಣ. ಆಕ್ಟೇವಿಯನ್ ಈಜಿಪ್ಟನ್ನು ಗೆದ್ದಾಗ ಮೊಸಳೆಯ ಚಿತ್ರದೊಡನೆ ‘ಈಜಿಪ್ಟ್ ಸೆರೆಯಾಯಿತು’ ಎಂಬ ಲೇಖ ಬಂದಿತು. ಕ್ರಿ.ಶ. 70ರಲ್ಲಿ ಜೆರೂಸಲೇಮಿನ ದೇವಾಲಯ ನಾಶವಾದ ಬಳಿಕ ವೆಸ್ಪಾಸಿಯನ್‌ನ ದಿನಾರಿಯಸ್‌ಗಳಲ್ಲಿ ವಿಜಯಸ್ತಂಭದ ಕೆಳಗೆ ದುಃಖದಿಂದ ಕುಳಿತ ಹೆಣ್ಣೊಬ್ಬಳು ಜೂಡಿಯಾ ನಾಡಿನ ರೂಪವಾದಳು. ಟ್ರೇಜನ್ ಡೇಸಿಯಾವನ್ನು ಗೆದ್ದಾಗಲೂ ಸೆರೆಯಾಳಿನ ಆಕೃತಿಯೇ ಬಂದಿತು. ಅವನ ಉತ್ತರಾಧಿಕಾರಿ ಹೇಡ್ರಿಯನ್ ಮಾತ್ರ ಬೇರೆ ದಾರಿ ಹಿಡಿದನು. ಅವನ ಪ್ರವಾಸಗಳ ನೆನಪಿಗೆ ಬಂದ ನಾಣ್ಯಗಳಲ್ಲಿ ಪ್ರಾಂತ್ಯಗಳು ಸೆರೆಯಾಳುಗಳಲ್ಲ, ಒರಗಿ ಕುಳಿತ ಗೌರವಸ್ಥ ಸ್ತ್ರೀಯರು. ಹಿಸ್ಪಾನಿಯಾಳ ಬಳಿ ಮೊಲ, ಈಜಿಪ್ಟಿನ ಬಳಿ ಐಬಿಸ್ ಹಕ್ಕಿ, ಆಫ್ರಿಕಾಳ ತಲೆಯ ಮೇಲೆ ಆನೆಯ ಮುಖವಾಡ. ಗೆದ್ದ ನಾಡುಗಳ ಕೂಟವೆಂಬ ಕಲ್ಪನೆಯಿಂದ ಒಂದೇ ಮನೆಯ ನಾಡುಗಳೆಂಬ ಕಲ್ಪನೆಯ ಕಡೆಗೆ ಸಾಮ್ರಾಜ್ಯ ತನ್ನನ್ನು ತಾನು ಬಿಂಬಿಸಿಕೊಂಡ ಬಗೆಯಿದು. ಆದರೆ ಇದೇ ಹೇಡ್ರಿಯನ್‌ನ ಆಳ್ವಿಕೆಯಲ್ಲಿ ಜೂಡಿಯಾ ಮತ್ತೊಮ್ಮೆ ದಂಗೆಯೆದ್ದಿತೆಂಬುದನ್ನು ಮರೆಯಬಾರದು.

ಶಾಂತಿ, ಸಾಮರಸ್ಯ, ನಿಷ್ಠೆ, ಔದಾರ್ಯ, ನ್ಯಾಯ ಇವೆಲ್ಲ ಸ್ತ್ರೀರೂಪ ತಾಳಿ ಹಿಮ್ಮುಖದಲ್ಲಿ ನಿಂತವು. ಯಾವ ಗುಣದ ಕೊರತೆಯಿತ್ತೋ ಅದನ್ನೇ ನಾಣ್ಯ ಹೆಚ್ಚು ಗಟ್ಟಿಯಾಗಿ ಸಾರಿದ ಉದಾಹರಣೆಗಳು ಹಲವು. ನಾಲ್ವರು ಚಕ್ರವರ್ತಿಗಳ ವರ್ಷವೆನಿಸಿದ ಕ್ರಿ.ಶ. 69ರಲ್ಲಿ ಮೂರು ತಿಂಗಳಷ್ಟೇ ಆಳಿ, ಅಂತರ್ಯುದ್ಧದಲ್ಲಿ ಸೋತು ಪ್ರಾಣ ಕಳೆದುಕೊಂಡ ಓಥೊ ತನ್ನ ನಾಣ್ಯದಲ್ಲಿ ಸಾರಿದ್ದು ‘ಜಗತ್ತಿನ ಶಾಂತಿ’ಯನ್ನು. ಕ್ರಿ.ಶ. 193ರಲ್ಲಿ ಕಾವಲು ಪಡೆಯವರಿಗೆ ಹಣದ ಆಸೆ ತೋರಿಸಿ ಸಿಂಹಾಸನವನ್ನು ಹರಾಜಿನಲ್ಲಿ ಕೊಂಡ ಡಿಡಿಯಸ್ ಜೂಲಿಯಾನಸ್ ಸಾರಿದ್ದು ‘ಸೈನಿಕರ ಸಾಮರಸ್ಯ’ವನ್ನು, ಅವನ ಆಳ್ವಿಕೆ ನಡೆದದ್ದು ಸುಮಾರು ಎರಡು ತಿಂಗಳು. ಕ್ರಿ.ಶ. 238ರಲ್ಲಿ ಜೊತೆಯಾಗಿ ಆಳಲು ನೇಮಕಗೊಂಡು ಒಬ್ಬರನ್ನೊಬ್ಬರು ಶಂಕಿಸುತ್ತಿದ್ದ ಪ್ಯೂಪೀನಸ್ ಮತ್ತು ಬಾಲ್ಬಿನಸರ ನಾಣ್ಯಗಳಲ್ಲಿ ಎರಡು ಕೈಗಳು ಪರಸ್ಪರ ಹಿಡಿದಿವೆ. ಸುತ್ತಲಿನ ಲೇಖ ‘ಪರಸ್ಪರ ಪ್ರೀತಿ’, ‘ಪರಸ್ಪರ ನಿಷ್ಠೆ’. ಸುಮಾರು ಮೂರು ತಿಂಗಳಲ್ಲಿ ಇಬ್ಬರನ್ನೂ ಕಾವಲು ಪಡೆಯವರು ಕೊಂದರು. ಆದುದರಿಂದ ನಾಣ್ಯದ ಲೇಖವನ್ನು ವಸ್ತುಸ್ಥಿತಿಯ ವರದಿಯೆಂದು ಓದುವುದಕ್ಕಿಂತ ಪ್ರಭುತ್ವದ ಆಶೆ ಮತ್ತು ಆತಂಕಗಳ ದಾಖಲೆಯೆಂದು ಓದುವುದೇ ಸೂಕ್ತ.

ಕರಗಿದ ಬೆಳ್ಳಿ

ಇಷ್ಟೆಲ್ಲ ಮಾತುಗಳಿಗೆ ಆಧಾರವಾಗಿದ್ದುದು ಬೆಳ್ಳಿ. ಅಗಸ್ಟಸನ ದಿನಾರಿಯಸ್ ಬಹುತೇಕ ಶುದ್ಧ ಬೆಳ್ಳಿಯದು. ಕ್ರಿ.ಶ. 64ರಲ್ಲಿ ನೀರೊ ಅದರ ತೂಕವನ್ನು ಪೌಂಡಿನ 84ನೆಯ ಒಂದು ಭಾಗದಿಂದ 96ನೆಯ ಒಂದು ಭಾಗಕ್ಕೆ ಇಳಿಸಿದನು, ಶುದ್ಧತೆಯನ್ನೂ ತಗ್ಗಿಸಿದನು. ಇತ್ತೀಚಿನ ಲೋಹವಿಶ್ಲೇಷಣೆಗಳು ಅವನ ಸುಧಾರಣೆಯ ನಾಣ್ಯಗಳಲ್ಲಿ ಬೆಳ್ಳಿಯ ಅಂಶ ಸುಮಾರು ಶೇ. 80ರಷ್ಟೆಂದು ತೋರಿಸಿವೆ. ನಡುವೆ ಚೇತರಿಕೆಗಳಿದ್ದರೂ ಒಟ್ಟು ಗತಿ ಇಳಿಮುಖವಾದುದು. ಸೆಪ್ಟಿಮಿಯಸ್ ಸೆವೆರಸ್ ಕ್ರಿ.ಶ. 194-195ರ ಸುಮಾರಿಗೆ ಅದನ್ನು ಶೇ. 50ರ ಆಸುಪಾಸಿಗೆ ತಂದನು. ಸೈನ್ಯದ ವೇತನ ಏರುತ್ತಿತ್ತು, ಬೆಳ್ಳಿ ಏರುತ್ತಿರಲಿಲ್ಲ. ಅಂತರವನ್ನು ತಾಮ್ರ ತುಂಬಿತು.

ಕ್ರಿ.ಶ. 215ರಲ್ಲಿ ಕ್ಯಾರಕಲ್ಲ ಹೊರಡಿಸಿದ ಹೊಸ ನಾಣ್ಯದಲ್ಲಿ ಮುಖ ಮತ್ತು ಲೋಹಗಳ ಸಂಬಂಧ ಪೂರ್ತಿ ಬಯಲಾಗುತ್ತದೆ. ಅದರ ತೂಕ ಸುಮಾರು ಒಂದೂವರೆ ದಿನಾರಿಯಸ್‌ನಷ್ಟು. ಚಲಾವಣೆಯ ಬೆಲೆ ಎರಡು ದಿನಾರಿಯಸ್ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕೊರತೆ ಬಿದ್ದ ಅರ್ಧ ದಿನಾರಿಯಸ್‌ನ ಬೆಳ್ಳಿಯ ಜಾಗದಲ್ಲಿ ಏನಿತ್ತು? ಬಿಂಬವಿತ್ತು. ಹಳೆಯ ದಿನಾರಿಯಸ್‌ನ ಎಲೆಯ ಮಾಲೆಗೆ ಬದಲಾಗಿ ಇಲ್ಲಿ ಚಕ್ರವರ್ತಿಯ ತಲೆಯ ಮೇಲೆ ಸೂರ್ಯದೇವನ ಕಿರಣಗಳ ಕಿರೀಟ. ಇಮ್ಮಡಿ ಬೆಲೆಯ ಗುರುತಾಗಿ ಕಿರಣಕಿರೀಟವು ಹಿಂದೆಯೇ ಹಿತ್ತಾಳೆಯ ನಾಣ್ಯದಲ್ಲಿ ಬಳಕೆಯಾಗಿತ್ತು. ಈಗ ಅದು ಬೆಳ್ಳಿಗೆ ಬಂದು, ಲೋಹ ಕೊಡಲಾರದ ಬೆಲೆಯನ್ನು ಮುಖವೇ ಕೊಡಬೇಕೆಂದು ಕೇಳತೊಡಗಿತು.

ಜನರು ಇದನ್ನು ಒಪ್ಪಿದರೇ ಎಂಬುದಕ್ಕೆ ನಿಧಿಗಳೇ ಉತ್ತರ. ಒಳ್ಳೆಯ ಬೆಳ್ಳಿಯ ಹಳೆಯ ನಾಣ್ಯಗಳು ಚಲಾವಣೆಯಿಂದ ಮರೆಯಾಗಿ ಮಡಕೆಗಳಲ್ಲಿ, ನೆಲದಡಿಯಲ್ಲಿ ಸೇರಿಕೊಂಡವು. ಕಳಪೆಯವು ಕೈಯಿಂದ ಕೈಗೆ ಸಾಗಿದವು. ಕ್ರಿ.ಶ. 235ರಿಂದ 284ರವರೆಗಿನ ಅರ್ಧ ಶತಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳ ಮುಖಗಳು ನಾಣ್ಯಗಳ ಮೇಲೆ ಬಂದು ಹೋದವು. ಸುಮಾರು 270ರ ವೇಳೆಗೆ ‘ಬೆಳ್ಳಿ’ ನಾಣ್ಯದಲ್ಲಿ ಬೆಳ್ಳಿ ಇದ್ದದ್ದು ನೂರಕ್ಕೆ ಎರಡು ಮೂರು ಪಾಲು; ಮೇಲಿನ ತೆಳು ಲೇಪ ಉಜ್ಜಿದರೆ ಹೋಗುವಂತಹುದು. ಅಗಸ್ಟಸನ ಕಾಲದಲ್ಲಿ ಒಂದು ಪೌಂಡ್ ಚಿನ್ನದಿಂದ ಸುಮಾರು 40 ಚಿನ್ನದ ನಾಣ್ಯಗಳಾಗುತ್ತಿದ್ದು, ಒಂದೊಂದಕ್ಕೆ 25 ದಿನಾರಿಯಸ್‌ನಂತೆ ಅದರ ಬೆಲೆ ಸುಮಾರು 1,000 ದಿನಾರಿಯಸ್ ಆಗುತ್ತಿತ್ತು. ಕ್ರಿ.ಶ. 301ರ ಡಯೋಕ್ಲೀಷಿಯನ್‌ನ ಬೆಲೆನಿಗದಿ ಶಾಸನದಲ್ಲಿ ಅದೇ ಒಂದು ಪೌಂಡ್ ಚಿನ್ನಕ್ಕೆ 72,000 ದಿನಾರಿಯಸ್. ಆ ಹೊತ್ತಿಗೆ ದಿನಾರಿಯಸ್ ಎಂಬುದು ಲೆಕ್ಕದ ಹೆಸರಾಗಿ ಉಳಿದಿತ್ತೇ ಹೊರತು ಬೆಳ್ಳಿಯ ನಾಣ್ಯವಾಗಿ ಅಲ್ಲ.

ಗಡಿಯಾಚೆಯ ಓದು

ಸಾಮ್ರಾಜ್ಯದೊಳಗೆ ಚಕ್ರವರ್ತಿಯ ಮುಖಕ್ಕೆ ಕಾನೂನಿನ ಬೆಂಬಲವಿತ್ತು. ಗಡಿಯಾಚೆ ಅದಿರಲಿಲ್ಲ. ಆದುದರಿಂದ ಬಿಂಬ ಮತ್ತು ಲೋಹಗಳ ನಡುವಿನ ನಿಜವಾದ ಸಂಬಂಧವನ್ನು ಅಳೆಯಲು ಗಡಿಯಾಚೆಯ ಸಾಕ್ಷ್ಯಗಳು ಹೆಚ್ಚು ನೆರವಾಗುತ್ತವೆ. ಜರ್ಮಾನಿಕ್ ಬುಡಕಟ್ಟುಗಳವರು ಬಹುಕಾಲದಿಂದ ತಮಗೆ ಪರಿಚಿತವಾದ, ಅಂಚು ಕಚ್ಚಿದ ಹಳೆಯ ಬೆಳ್ಳಿ ನಾಣ್ಯಗಳನ್ನೇ ಇಷ್ಟಪಡುತ್ತಿದ್ದರೆಂದು ಟಾಸಿಟಸ್ ಬರೆದಿದ್ದಾನೆ. ಪ್ಲಿನಿಯ ಬರಹದಲ್ಲಿ ಇದಕ್ಕಿಂತ ಅರ್ಥಪೂರ್ಣವಾದ ಪ್ರಸಂಗವಿದೆ. ಕ್ಲಾಡಿಯಸನ ಕಾಲದಲ್ಲಿ ಅರಬ್ಬೀ ತೀರದಿಂದ ಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದ ರೋಮನ್ನನೊಬ್ಬನ ಬಳಿಯಿದ್ದ ದಿನಾರಿಯಸ್‌ಗಳನ್ನು ಅಲ್ಲಿಯ ಅರಸನು ಪರೀಕ್ಷಿಸಿದನಂತೆ. ಅವುಗಳ ಮೇಲಿನ ಮುಖಗಳು ಬೇರೆ ಬೇರೆಯಾಗಿದ್ದರೂ ತೂಕವೆಲ್ಲ ಒಂದೇ ಆಗಿದ್ದುದನ್ನು ಕಂಡು ಅವನು ರೋಮನ್ನರ ಪ್ರಾಮಾಣಿಕತೆಯನ್ನು ಮೆಚ್ಚಿದನಂತೆ. ಕಥೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಪರದೇಶದ ಅರಸನು ಮೆಚ್ಚಿದ್ದು ಮುಖವನ್ನಲ್ಲ, ಮುಖ ಬದಲಾದರೂ ಬದಲಾಗದ ತೂಕವನ್ನು ಎಂಬ ಅಂಶವನ್ನು ರೋಮನ್ ಲೇಖಕನೇ ದಾಖಲಿಸಿರುವುದು ಗಮನಾರ್ಹ.

ದಕ್ಷಿಣ ಭಾರತದಲ್ಲಿ ದೊರೆತ ನಿಧಿಗಳು ಇದನ್ನೇ ಸಮರ್ಥಿಸುತ್ತವೆ. ಮೆಣಸು, ಮುತ್ತು, ಹತ್ತಿಯ ಬಟ್ಟೆಗಳ ವ್ಯಾಪಾರದಲ್ಲಿ ಇಲ್ಲಿಗೆ ಬಂದ ದಿನಾರಿಯಸ್‌ಗಳಲ್ಲಿ ಎರಡು ಮಾದರಿಗಳು ಉಳಿದೆಲ್ಲವನ್ನೂ ಮೀರಿಸುತ್ತವೆ. ಮೊದಲನೆಯದು ಅಗಸ್ಟಸನ ಮೊಮ್ಮಕ್ಕಳೂ ದತ್ತುಪುತ್ರರೂ ಆದ ಗೈಯಸ್ ಮತ್ತು ಲೂಸಿಯಸರು ಗುರಾಣಿ, ಭರ್ಜಿಗಳೊಡನೆ ನಿಂತ ಮಾದರಿ. ಎರಡನೆಯದು ಟೈಬೀರಿಯಸನ ಮುಖವೂ, ಹಿಮ್ಮುಖದಲ್ಲಿ ರಾಜದಂಡ ಮತ್ತು ಕೊಂಬೆ ಹಿಡಿದು ಕುಳಿತ ಸ್ತ್ರೀಯೂ ಇರುವ ಮಾದರಿ. ಗೈಯಸ್ ಮತ್ತು ಲೂಸಿಯಸರ ನಾಣ್ಯವನ್ನು ಹೊರಡಿಸಿದ್ದು ಉತ್ತರಾಧಿಕಾರಿಗಳನ್ನು ಪ್ರಜೆಗಳಿಗೆ ಪರಿಚಯಿಸಲು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೈಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು, ನಾಣ್ಯದ ರಾಜಕೀಯ ಉದ್ದೇಶ ಅಲ್ಲಿಗೇ ಮುಗಿಯಿತು. ಆದರೆ ದಖನ್ನಿನ ವ್ಯಾಪಾರಿಗೆ ಆ ಇಬ್ಬರು ತರುಣರ ಸಾವು ಸಂಬಂಧಿಸಿದ ಸಂಗತಿಯಾಗಿರಲಿಲ್ಲ. ಅವನಿಗೆ ಆ ಎರಡು ಆಕೃತಿಗಳು ಒಳ್ಳೆಯ ಬೆಳ್ಳಿಯ ಗುರುತು. ಟೈಬೀರಿಯಸನೂ ಮೊದಲ ವರ್ಷಗಳ ಬಳಿಕ ಕ್ರಿ.ಶ. 37ರವರೆಗೆ ತನ್ನ ದಿನಾರಿಯಸ್‌ನ ಮಾದರಿಯನ್ನು ಬದಲಿಸಲಿಲ್ಲ. ಬದಲಾಗದ ಬಿಂಬ, ಬದಲಾಗದ ಶುದ್ಧತೆ ಎರಡೂ ಸೇರಿ ಅಪರಿಚಿತ ಮುಖವನ್ನು ಪರಿಚಿತವಾಗಿಸಿದವು. ನೀರೊನ ಸುಧಾರಣೆಯ ಅನಂತರದ ದಿನಾರಿಯಸ್‌ಗಳು ಇಲ್ಲಿ ವಿರಳವಾಗಿರುವುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

ಕರ್ನಾಟಕದ ಸಾಕ್ಷ್ಯವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತ ಬೆಳ್ಳಿ ನಾಣ್ಯಗಳ ನಿಧಿಯೂ, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನಗಳಲ್ಲಿ ದೊರೆತ ಬಿಡಿ ನಾಣ್ಯಗಳೂ ಪ್ರಸಿದ್ಧವಾದವು. ಇವುಗಳಲ್ಲಿಯೂ ಅಗಸ್ಟಸ್ ಮತ್ತು ಟೈಬೀರಿಯಸರ ದಿನಾರಿಯಸ್‌ಗಳೇ ಪ್ರಧಾನ. ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ದೈನಂದಿನ ವ್ಯವಹಾರಕ್ಕಿದ್ದುವು. ರೋಮನ್ ಬೆಳ್ಳಿ ಅವುಗಳ ಜೊತೆಯಲ್ಲೇ ದೊರೆತಿದೆ. ಭಾರತದಲ್ಲಿ ಸಿಕ್ಕ ಕೆಲವು ದಿನಾರಿಯಸ್‌ಗಳ ಮೇಲೆ ಚಕ್ರವರ್ತಿಯ ಕೆನ್ನೆಯನ್ನೂ ಲೆಕ್ಕಿಸದೆ ಒತ್ತಿದ ಸಣ್ಣ ಪರೀಕ್ಷಾಮುದ್ರೆಗಳಿವೆ. 1898ರಲ್ಲಿ ಪುದುಕ್ಕೋಟೆಯಲ್ಲಿ ದೊರೆತ ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಗೆರೆ ಹೊಡೆಯಲಾಗಿದೆ. ರೋಮ್‌ನಲ್ಲಿ ಅಪರಾಧವೆನಿಸಬಹುದಾಗಿದ್ದ ಕಾರ್ಯ ಇಲ್ಲಿ ಚಿನಿವಾರನ ನಿತ್ಯದ ಎಚ್ಚರಿಕೆ. ಇನ್ನೊಂದೆಡೆ ಕೊಂಡಾಪುರ, ತೇರ್ ಮೊದಲಾದ ದಖನ್ನಿನ ನೆಲೆಗಳಲ್ಲಿ ಇದೇ ನಾಣ್ಯಗಳನ್ನು ಅನುಕರಿಸಿದ ಮಣ್ಣಿನ ಪದಕಗಳು ದೊರೆತಿವೆ. ದಾರದಲ್ಲಿ ಪೋಣಿಸಲು ಅನುಕೂಲವಾಗುವಂತೆ ಅವುಗಳಿಗೆ ಕುಣಿಕೆಗಳಿವೆ. ಬಿಂಬವು ತನ್ನ ಲೋಹವನ್ನೂ ತನ್ನ ಅರಸನನ್ನೂ ಕಳೆದುಕೊಂಡು ಕೇವಲ ಅಲಂಕಾರವಾದ ಸ್ಥಿತಿಯಿದು.

ಮುಖವನ್ನು ಅಳಿಸಿ ಬೆಳ್ಳಿಯನ್ನು ಉಳಿಸಿಕೊಂಡ ಎರಡು ಪ್ರಸಂಗಗಳನ್ನು ಇಲ್ಲಿ ಒಟ್ಟಿಗೆ ನೋಡಬಹುದು. ಕ್ರಿ.ಶ. 132ರಿಂದ 135ರವರೆಗೆ ಜೂಡಿಯಾದಲ್ಲಿ ಬಾರ್ ಕೊಖ್ಬನ ನೇತೃತ್ವದಲ್ಲಿ ದಂಗೆಯೆದ್ದ ಯಹೂದ್ಯರು ರೋಮನ್ ದಿನಾರಿಯಸ್‌ಗಳ ಮೇಲೆಯೇ ತಮ್ಮ ಅಚ್ಚುಗಳನ್ನು ಒತ್ತಿದರು. ದ್ರಾಕ್ಷಿಯ ಗೊಂಚಲು, ತಂತಿವಾದ್ಯ, ತುತ್ತೂರಿಗಳ ನಡುವೆ ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಜೆರೂಸಲೇಮಿನ ಬಿಡುಗಡೆಯ ಘೋಷಣೆ. ಅದರಡಿಯಲ್ಲಿ ಕೆಲವೊಮ್ಮೆ ಇನ್ನೂ ಕಾಣುವ ಚಕ್ರವರ್ತಿಯ ತಲೆಯ ರೇಖೆ. ಆರು ದಶಕಗಳ ಹಿಂದೆ ದುಃಖಿತ ಸ್ತ್ರೀಯಾಗಿ ರೋಮನ್ ಬೆಳ್ಳಿಯ ಮೇಲೆ ಕುಳಿತಿದ್ದ ನಾಡು ಅದೇ ಬೆಳ್ಳಿಯ ಮೇಲೆ ಉತ್ತರ ಬರೆದಿತ್ತು. ಇತ್ತ ನಾಸಿಕದ ಬಳಿಯ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ದೊರೆತ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಕ್ಷಹರಾತ ನಹಪಾನನವು. ಅವುಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನ ಮೇಲೆ, ಅವನನ್ನು ಸೋಲಿಸಿದ ಶಾತವಾಹನ ಗೌತಮೀಪುತ್ರ ಶಾತಕರ್ಣಿಯ ಮುದ್ರೆಯಿದೆ. ಪರಸ್ಪರ ಅರಿಯದ ಎರಡು ನಾಡುಗಳು ಒಂದೇ ತರ್ಕವನ್ನು ಅನುಸರಿಸಿವೆ: ಶತ್ರುವಿನ ಮುಖ ಬೇಡ, ಅವನ ಬೆಳ್ಳಿ ಬೇಕು. ಒಬ್ಬರದು ದಂಗೆ, ಇನ್ನೊಬ್ಬರದು ವಿಜಯ. ದಂಗೆ ಸೋತಿತು, ಅದರ ನಾಣ್ಯಗಳು ಮಾತ್ರ ಉಳಿದವು.

ಸಮಾರೋಪ

ದಿನಾರಿಯಸ್‌ನ ಐದು ಶತಮಾನಗಳ ಚರಿತ್ರೆಯಲ್ಲಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದರಲ್ಲಿ ನಾಣ್ಯ ನಗರದ್ದು. ಅದರ ಮುಖ ದೇವತೆಯದು. ಎರಡನೆಯದರಲ್ಲಿ ಒಳ್ಳೆಯ ಬೆಳ್ಳಿಯ ಮೇಲೆ ಒಬ್ಬ ಮನುಷ್ಯನ ಮುಖ ಬಂದು, ಆ ಲೋಹದ ವಿಶ್ವಾಸಾರ್ಹತೆಯನ್ನು ತನ್ನ ಅಧಿಕಾರದ ವಿಶ್ವಾಸಾರ್ಹತೆಯನ್ನಾಗಿ ಮಾರ್ಪಡಿಸಿಕೊಂಡಿತು. ಮೂರನೆಯದರಲ್ಲಿ ಬೆಳ್ಳಿ ಕರಗಿ, ಕಿರೀಟದ ಕಿರಣಗಳು ಬೆಳೆದು, ಮುಖವೊಂದೇ ಬೆಲೆಯ ಹೊಣೆ ಹೊರಬೇಕಾಯಿತು, ಅದರಿಂದ ಅದಾಗಲಿಲ್ಲ. ಚಕ್ರವರ್ತಿಯ ಬಿಂಬಕ್ಕೆ ಸ್ವಂತ ಶಕ್ತಿಯಿದೆಯೆಂದು ಸಾಮ್ರಾಜ್ಯದೊಳಗಿನವರು ನಂಬಬಹುದಾಗಿತ್ತು. ಆ ಶಕ್ತಿ ಬೆಳ್ಳಿಯಿಂದ ಪಡೆದ ಸಾಲವೆಂಬುದು ಸಿಂಹಳದ ಅರಸನಿಗೂ ದಖನ್ನಿನ ಚಿನಿವಾರನಿಗೂ ಮೊದಲೇ ತಿಳಿದಿತ್ತು.

ಹೆಸರು ಮಾತ್ರ ಲೋಹಕ್ಕಿಂತಲೂ ಮುಖಕ್ಕಿಂತಲೂ ಹೆಚ್ಚು ಕಾಲ ಬಾಳಿತು. ಗುಪ್ತರ ಕಾಲದ ಶಾಸನಗಳಲ್ಲಿ ಚಿನ್ನದ ನಾಣ್ಯವನ್ನು ಸೂಚಿಸುವ ‘ದೀನಾರ’ವೂ, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಹಲವು ದೇಶಗಳಲ್ಲಿ ಇಂದಿಗೂ ಚಲಾವಣೆಯಲ್ಲಿರುವ ‘ದಿನಾರ್’ ಕೂಡ ಈ ದಿನಾರಿಯಸ್‌ನಿಂದಲೇ ಬಂದವು. ಹತ್ತು ಆಸ್‌ಗಳ ಬೆಲೆಯನ್ನು ಸೂಚಿಸಲು ಹುಟ್ಟಿದ ಪದ ತನ್ನ ಹತ್ತನ್ನು ಮರೆತು, ಬೆಳ್ಳಿಯನ್ನು ಬಿಟ್ಟು, ಸೀಸರರ ಮುಖಗಳನ್ನೆಲ್ಲ ಕಳೆದುಕೊಂಡು, ಬೇರೆ ಬೇರೆ ನಾಡುಗಳ ನುಡಿಗಳಲ್ಲಿ ಇನ್ನೂ ಬೆಲೆಯ ಹೆಸರಾಗಿಯೇ ಉಳಿದಿದೆ.